ಬಿ.ಜಿ. ಕೆರೆ ಪರಿಸರದ ಕೆರೆ–ಕಾವಲುಗಳು ಮತ್ತು ಉಪಗ್ರಹ ಚಿತ್ರಗಳು

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಮೇಲೆ, ಮೊಳಕಾಲ್ಮೂರು ತಾಲ್ಲೂಕಿನ ದಕ್ಷಿಣ ಭಾಗದಲ್ಲಿ ಬಿ.ಜಿ. ಕೆರೆ ಎಂಬ ಊರಿದೆ. ಪೂರ್ಣ ಹೆಸರು ಬೊಮ್ಮಗೊಂಡನಕೆರೆ. ಒಬ್ಬ ವ್ಯಕ್ತಿಯ ಹೆಸರನ್ನೂ ಒಂದು ಜಲಾಶ್ರಯವನ್ನೂ ಒಟ್ಟಿಗೆ ಹೊತ್ತ ಈ ಊರಹೆಸರು ಆ ಸೀಮೆಯಲ್ಲಿ ಒಂಟಿಯಲ್ಲ. ಚಳ್ಳಕೆರೆ, ಬೆಳಗೆರೆ, ನೇರಲಗುಂಟೆ, ದೊಡ್ಡೇರಿ, ಗೌರಸಮುದ್ರ, ದೇವಸಮುದ್ರ, ನಾಗಸಮುದ್ರ ಹೀಗೆ ಕೆರೆ, ಕುಂಟೆ, ಏರಿ, ಸಮುದ್ರಗಳಿಂದ ಕೊನೆಗೊಳ್ಳುವ ಗ್ರಾಮನಾಮಗಳು ಚಳ್ಳಕೆರೆ–ಮೊಳಕಾಲ್ಮೂರು ತಾಲ್ಲೂಕುಗಳ ಉದ್ದಕ್ಕೂ ದೊರೆಯುತ್ತವೆ. ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸಿನಲ್ಲಿ, ಹಲವು ವರ್ಷ ಅದಕ್ಕಿಂತಲೂ ಕಡಿಮೆ ಮಳೆ ಬೀಳುವ, ಕರ್ನಾಟಕದ ಅತ್ಯಂತ ಒಣ ಸೀಮೆಗಳಲ್ಲಿ ಒಂದಾದ ನೆಲದಲ್ಲಿ ಊರುಗಳು ಇಷ್ಟು ಧಾರಾಳವಾಗಿ ‘ಸಮುದ್ರ’ಗಳಾಗಿರುವುದು ಗಮನಿಸಬೇಕಾದ ಸಂಗತಿ. ನೀರಿನ ಸಮೃದ್ಧಿ ಈ ಹೆಸರುಗಳ ಹಿಂದಿಲ್ಲ. ಬಿದ್ದ ನೀರನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ತಿಳಿದಿದ್ದವರ ಎಚ್ಚರವಿದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನ ಇಂದಿಗೂ ಮೊದಲು ನೆನೆಯುವುದು ಕೆರೆ ಕಟ್ಟಿಸಿದ ಸಂತನೆಂದೇ.

ಈ ನೆಲವನ್ನು ಮೇಲಿನಿಂದ ನೋಡಿ ದಾಖಲಿಸುವ ಕೆಲಸ ಆರಂಭವಾಗಿ ಅರ್ಧ ಶತಮಾನ ಕಳೆದಿದೆ. ಉಪಗ್ರಹದ ಬಿಂಬಗಳು ಕೆರೆಯ ನೀರನ್ನು, ಬೆಳೆಯ ಹಸಿರನ್ನು, ಹಾಳುಬಿದ್ದ ಭೂಮಿಯನ್ನು ಅಳೆದು ನಕ್ಷೆಗಳಾಗಿ ಇಲಾಖೆಗಳ ಮೇಜಿಗೆ ಬಂದಿವೆ. ಈ ಅಳತೆಯ ನಿಖರತೆಯನ್ನು ಪ್ರಶ್ನಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಕ್ಯಾಮರಾ ಕಂಡದ್ದಕ್ಕೆ ಹೆಸರಿಡುವಾಗ ಯಾವ ಭಾಷೆಯನ್ನು ಬಳಸಲಾಯಿತು, ಆ ಹೆಸರಿನಿಂದ ಕಾವಲು ಭೂಮಿಗೂ ಅದನ್ನು ನಂಬಿದ ಪಶುಪಾಲಕ ಸಮುದಾಯಗಳಿಗೂ ಏನಾಯಿತು ಎಂಬುದೇ ಇಲ್ಲಿನ ಪ್ರಶ್ನೆ.

ಭಾರತದಲ್ಲಿ ದೂರಸಂವೇದಿ ಪ್ರಯೋಗಗಳ ಆರಂಭವನ್ನು ಸಾಮಾನ್ಯವಾಗಿ 1970ರಲ್ಲಿ ಗುರುತಿಸಲಾಗುತ್ತದೆ. ಆ ವರ್ಷ ಪಿ.ಆರ್. ಪಿಷಾರೋಟಿಯವರ ನೇತೃತ್ವದ ತಂಡ ಕೇರಳದ ತೆಂಗಿನ ತೋಟಗಳನ್ನು ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರಿಸಿ, ಬೇರುರೋಗ ತಗುಲಿದ ಮರಗಳನ್ನು ಬೇರ್ಪಡಿಸಿ ತೋರಿಸಿತು. 1972ರ ಜುಲೈ 23ರಂದು ಅಮೆರಿಕವು ಮುಂದೆ ಲ್ಯಾಂಡ್‌ಸ್ಯಾಟ್ ಎಂದು ಹೆಸರಾದ ಸರಣಿಯ ಮೊದಲ ಉಪಗ್ರಹವನ್ನು ಹಾರಿಸಿತು. 1979ರ ಜೂನ್ 7ರಂದು ಭಾಸ್ಕರ–1, 1981ರ ನವೆಂಬರಿನಲ್ಲಿ ಭಾಸ್ಕರ–2 ಕಕ್ಷೆ ಸೇರಿದವು. ಉಡುಪಿ ಸಮೀಪದ ಅದಮಾರಿನ ಯು.ಆರ್. ರಾವ್ ಬೆಂಗಳೂರಿನ ಉಪಗ್ರಹ ಕೇಂದ್ರವನ್ನು ಮುನ್ನಡೆಸುತ್ತಿದ್ದ ಕಾಲವದು; ಭಾಸ್ಕರ ಯೋಜನೆಯ ನಿರ್ದೇಶಕರಾಗಿದ್ದವರು ಕೆ. ಕಸ್ತೂರಿರಂಗನ್. 1986ರಲ್ಲಿ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ಸ್ಥಾಪನೆಯಾಯಿತು. 1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿದ ಐ.ಆರ್.ಎಸ್.–1ಎ ಉಪಗ್ರಹದೊಂದಿಗೆ ದೇಶಕ್ಕೆ ತನ್ನದೇ ಆದ ನಿರಂತರ ಭೂಚಿತ್ರಗಳು ದೊರೆಯತೊಡಗಿದವು.

ಈ ಉಪಗ್ರಹಗಳ ‘ಕಣ್ಣಿನ ಹರಿತ’ವನ್ನು ರೈತರ ಅಳತೆಯಲ್ಲಿ ಹೇಳಿದರೆ ವಿಷಯ ಸ್ಪಷ್ಟವಾಗುತ್ತದೆ. ಮೊದಲ ಲ್ಯಾಂಡ್‌ಸ್ಯಾಟಿನ ಒಂದು ಬಿಂದು ನೆಲದ ಮೇಲೆ ಸುಮಾರು ಎಂಬತ್ತು ಮೀಟರ್ ಚೌಕ, ಅಂದರೆ ಒಂದೂವರೆ ಎಕರೆಗೂ ಹೆಚ್ಚು. ಅಷ್ಟು ನೆಲದಲ್ಲಿ ಏನೇನಿದ್ದರೂ ಅದೆಲ್ಲ ಬೆರೆತು ಒಂದೇ ಬಣ್ಣವಾಗಿ ಮೂಡುತ್ತದೆ. ಐ.ಆರ್.ಎಸ್.–1ಎ ಹೊತ್ತಿದ್ದ ಉತ್ತಮ ಕ್ಯಾಮರಾಕ್ಕೆ ಒಂದು ಬಿಂದುವೆಂದರೆ ಹದಿಮೂರು ಗುಂಟೆ. 1995ರ ಡಿಸೆಂಬರಿನಲ್ಲಿ ಹಾರಿದ ಐ.ಆರ್.ಎಸ್.–1ಸಿ ಬಣ್ಣದ ಚಿತ್ರದಲ್ಲಿ ಅದನ್ನು ಐದೂವರೆ ಗುಂಟೆಗೆ ಇಳಿಸಿತು. 2015ರಿಂದ ದೊರೆಯುತ್ತಿರುವ ಯುರೋಪಿನ ಸೆಂಟಿನೆಲ್–2ರ ಹತ್ತು ಮೀಟರಿನ ಬಿಂದು ಹೆಚ್ಚುಕಡಿಮೆ ಸರಿಯಾಗಿ ಒಂದು ಗುಂಟೆ. ಹೀಗಾಗಿ ಎಪ್ಪತ್ತು–ಎಂಬತ್ತರ ದಶಕಗಳ ಚಿತ್ರಗಳಲ್ಲಿ ದೊಡ್ಡ ಕೆರೆಯ ಅಂಗಳ ಕಾಣುತ್ತದೆ, ವೇದಾವತಿಯ ಮರಳಿನ ಪಾತ್ರ ಕಾಣುತ್ತದೆ, ಮಾರಿಕಣಿವೆಯ ವಾಣಿವಿಲಾಸ ಸಾಗರ ಕಾಣುತ್ತದೆ. ಆದರೆ ದನ ನೀರು ಕುಡಿಯುವ ಗೋಕಟ್ಟೆ, ಹಟ್ಟಿಯ ಪಕ್ಕದ ರೊಪ್ಪ, ಹಳ್ಳದ ದಂಡೆಯ ಒಂದು ಸಾಲು ಜಾಲಿ ಕಾಣುವುದಿಲ್ಲ. ಮೊದಲ ಭೂಬಳಕೆ ನಕ್ಷೆಗಳನ್ನು ಓದುವಾಗ ಈ ಮಿತಿಯನ್ನು ಮರೆಯುವಂತಿಲ್ಲ. ದನ ಕಾಯುವವನ ಜಗತ್ತಿನ ಮುಖ್ಯ ವಸ್ತುಗಳೆಲ್ಲ ಆಗಿನ ಬಿಂದುವಿಗಿಂತ ಚಿಕ್ಕವಾಗಿದ್ದವು.

ಬಣ್ಣದ ವಿಷಯ ಇನ್ನೂ ಮುಖ್ಯವಾದುದು. ಹಸಿರೆಲೆ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೇರಳವಾಗಿ ಹಿಂದಕ್ಕೆ ಚೆಲ್ಲುತ್ತದೆ. ಆ ಬೆಳಕಿಗೆ ಕೆಂಪು ಬಣ್ಣವನ್ನು ಕೊಟ್ಟು ಚಿತ್ರವನ್ನು ಮುದ್ರಿಸುವುದು ರೂಢಿ. ಆದ್ದರಿಂದ ಇಂಥ ಚಿತ್ರದಲ್ಲಿ ಬೆಳೆ, ತೋಟ, ಕಾಡುಗಳು ಕೆಂಪಾಗಿಯೂ ಆಳವಾದ ತಿಳಿನೀರು ಕಪ್ಪಾಗಿಯೂ ಮೂಡುತ್ತವೆ. ಒಣಗಿದ ಹುಲ್ಲಿಗೆ ಇಲ್ಲಿ ತನ್ನದೇ ಆದ ಬಣ್ಣವಿಲ್ಲ. ಅದು ಗರಸು ನೆಲದ ಬೂದುಬಣ್ಣದೊಡನೆ ಕರಗಿಹೋಗುತ್ತದೆ. ಕಾವಲಿನ ಹುಲ್ಲು ಮುಂಗಾರಿನಲ್ಲಿ ಚಿಗುರಿ, ಹಿಂಗಾರಿನ ಹೊತ್ತಿಗೆ ತೆನೆಗಟ್ಟಿ, ಸಂಕ್ರಾಂತಿ ಕಳೆಯುವಷ್ಟರಲ್ಲಿ ಕರಡವಾಗಿ ನಿಲ್ಲುತ್ತದೆ. ಅದು ಹಸಿರಾಗಿರುವ ತಿಂಗಳುಗಳಲ್ಲಿ ಮೋಡ ಕವಿದಿರುವುದರಿಂದ ಉಪಗ್ರಹಕ್ಕೆ ನೆಲ ಕಾಣುವುದು ಕಷ್ಟ. ಆಕಾಶ ತಿಳಿಯಾದ ತಿಂಗಳುಗಳಲ್ಲಿ ಹುಲ್ಲು ಒಣಗಿರುತ್ತದೆ. ವರ್ಷಕ್ಕೆ ಒಂದೆರಡು ಚಿತ್ರಗಳನ್ನಷ್ಟೇ ಕೊಂಡು ನಕ್ಷೆ ಮಾಡುತ್ತಿದ್ದ ಕಾಲದಲ್ಲಿ ದನಗಳಿಗೆ ಬೇಸಿಗೆಯ ಮೇವಾಗಿ ಉಳಿದ ಕರಡವು ನಕ್ಷೆಗಾರನಿಗೆ ಬರಡಾಗಿ ಕಂಡಿದ್ದರೆ ಅದು ಆಶ್ಚರ್ಯವಲ್ಲ.

ಇದರ ವಿಪರ್ಯಾಸವೂ ಈ ಭಾಗದಲ್ಲೇ ಇದೆ. ಹೂಳು ತುಂಬಿದ ಕೆರೆಯಂಗಳಗಳಲ್ಲಿ, ಹಳ್ಳಗಳಲ್ಲಿ, ಗೋಮಾಳಗಳಲ್ಲಿ ಬಳ್ಳಾರಿ ಜಾಲಿ ದಟ್ಟವಾಗಿ ಹಬ್ಬಿದೆ. ಹೊರದೇಶದಿಂದ ಬಂದ ಈ ಮುಳ್ಳುಮರ ನಡುಬೇಸಿಗೆಯಲ್ಲೂ ಹಸಿರು. ಬೇರು ಬಹಳ ಆಳಕ್ಕೆ ಇಳಿಯುತ್ತದೆ, ನೆರಳಿನಡಿ ಹುಲ್ಲು ಏಳುವುದಿಲ್ಲ. ಉಪಗ್ರಹ ಚಿತ್ರದಲ್ಲಿ ಮಾತ್ರ ಇದು ಕೆಂಪಗೆ ಹೊಳೆಯುತ್ತದೆ. ಕೇವಲ ಹಸಿರಿನ ಸೂಚ್ಯಂಕವನ್ನು ನೋಡುವವನಿಗೆ ಸತ್ತ ಕೆರೆಯ ಅಂಗಳ ಸುಧಾರಿಸುತ್ತಿರುವ ಭೂಮಿಯಾಗಿಯೂ ಬದುಕಿರುವ ಹುಲ್ಲುಗಾವಲು ಕ್ಷೀಣಿಸಿದ ಭೂಮಿಯಾಗಿಯೂ ತೋರುವ ಅಪಾಯವಿದೆ. ಹಾಗೆಯೇ ಚಿತ್ರವು ನೀರಿನ ಹರವನ್ನು ಹೇಳುತ್ತದೆಯೇ ಹೊರತು ಹೂಳಿನ ಆಳವನ್ನು ಹೇಳುವುದಿಲ್ಲ. ಕೋಡಿ ಬಿದ್ದ ದಿನ ಅರ್ಧ ಹೂಳಿರುವ ಕೆರೆಯೂ ಹೂಳಿಲ್ಲದ ಕೆರೆಯೂ ಮೇಲಿನಿಂದ ಒಂದೇ.

ಇನ್ನು ಕಾವಲುಗಳ ಚರಿತ್ರೆಗೆ ಬರಬಹುದು. ಮೈಸೂರಿನ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪು ಸುಲ್ತಾನನ ಕಾಲದಲ್ಲಿ ‘ಅಮೃತ ಮಹಲ್’ ಆಯಿತು. ಸೈನ್ಯದ ಸಾಮಾನು ಎಳೆಯುವ ಎತ್ತುಗಳ ತಳಿಗಾಗಿ ಮೈಸೂರು ಸೀಮೆಯ ಉದ್ದಗಲಕ್ಕೂ ಹುಲ್ಲುಗಾವಲುಗಳನ್ನು ಕಾದಿರಿಸಲಾಗಿತ್ತು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಬ್ರಿಟಿಷ್ ಆಡಳಿತ ಈ ಇಲಾಖೆಯನ್ನು ಮುಚ್ಚಿತು. ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ತೆರೆಯಿತು. ಬಿ.ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್ ಈ ಕಾವಲುಗಳ ಬಗೆಗೆ ಕೊಡುವ ಒಂದು ವಿವರ ಪ್ರಸ್ತುತ ಚರ್ಚೆಗೆ ಬಹಳ ಮುಖ್ಯವಾಗಿದೆ. ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಋತುವಿಗನುಗುಣವಾಗಿ ವಿಂಗಡಿಸಲಾಗಿತ್ತು. ನೀರೂ ನೆರಳೂ ಇರುವ ಕೆರೆಯ ಪಕ್ಕದ ಕಾವಲು ಬೇಸಿಗೆಗೆ; ಮಳೆಗೆ ಬೇಗ ಚಿಗುರುವ ಬಯಲು ಮಳೆಗಾಲಕ್ಕೆ. ದನಗಳ ಹಿಂಡು ವರ್ಷವಿಡೀ ಇವುಗಳ ನಡುವೆ ಸುತ್ತುತ್ತಿತ್ತು. ಅಂದರೆ ಕಾವಲು ಒಂದು ತುಂಡು ಭೂಮಿಯಾಗಿರದೆ ಕಾಲ ಮತ್ತು ಜಾಗಗಳ ಒಂದು ಜೋಡಣೆಯಾಗಿತ್ತು. ವರ್ಷದ ಯಾವುದೋ ಒಂದು ದಿನ ತೆಗೆದ ಒಂದು ಚಿತ್ರ ಅದನ್ನು ಹಿಡಿಯಲಾರದು.

ಸರ್ಕಾರದ ಈ ವಿಂಗಡಣೆ ಸರ್ಕಾರಕ್ಕೆ ತಾನಾಗಿ ಹೊಳೆದದ್ದಲ್ಲ. ಅದರ ಮೂಲ ಈ ಭಾಗದ ಪಶುಪಾಲಕರ ನಡೆಯಲ್ಲಿದೆ ಎಂದು ಭಾವಿಸಲು ಸಾಕಷ್ಟು ಕಾರಣಗಳಿವೆ. ಚಳ್ಳಕೆರೆ–ಮೊಳಕಾಲ್ಮೂರು ಭಾಗದ ಮ್ಯಾಸಬೇಡರು ಮತ್ತು ಕಾಡುಗೊಲ್ಲರು ದನವನ್ನು ಕೇಂದ್ರದಲ್ಲಿಟ್ಟುಕೊಂಡು ಬದುಕು ಕಟ್ಟಿದವರು. ಮ್ಯಾಸಬೇಡರ ಪ್ರತಿಯೊಂದು ಗುಡಿಕಟ್ಟಿಗೂ ‘ದೇವರ ಎತ್ತು’ಗಳ ಹಿಂಡಿರುತ್ತದೆ. ಈ ದನಗಳಿಗೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಸತ್ತರೆ ಮಣ್ಣು ಮಾಡುತ್ತಾರೆ. ಇವನ್ನು ಕಾಯಲೆಂದೇ ನೇಮಕಗೊಂಡ ಕಿಲಾರಿ ಕಾವಲಿನಲ್ಲಿಯೇ ಬಾಳುತ್ತಾನೆ. ಹುಲಿಯೊಡನೆ ಸೆಣಸಿದ ಗಾದ್ರಿಪಾಲನಾಯಕನ ಕಥನವಾಗಲಿ, ಬಡಮೈಲನೆಂಬ ಹೋರಿಯನ್ನು ಜೊತೆಗಿಟ್ಟುಕೊಂಡ ಜುಂಜಪ್ಪನ ಕಾವ್ಯವಾಗಲಿ ಮೂಲತಃ ಹುಲ್ಲು–ನೀರುಗಳ ಹುಡುಕಾಟದ ಕಥೆಗಳೇ. ತೀ.ನಂ. ಶಂಕರನಾರಾಯಣ ಅವರ ಕಾಡುಗೊಲ್ಲ ಅಧ್ಯಯನವೂ, ಚಳ್ಳಕೆರೆ ತಾಲ್ಲೂಕಿನ ಯಲಗಟ್ಟದ ಗೊಲ್ಲರಹಟ್ಟಿಯ ನಾಡೋಜ ಸಿರಿಯಜ್ಜಿಯ ನೆನಪಿನಿಂದ ಕೃಷ್ಣಮೂರ್ತಿ ಹನೂರು ಅವರು ಸಂಗ್ರಹಿಸಿದ ಪದಗಳೂ ಈ ಲೋಕದ ವಿಸ್ತಾರವನ್ನು ತೋರಿಸಿಕೊಟ್ಟಿವೆ. ಆದರೆ ವಿದ್ವಾಂಸರು ಈ ಕಥನಗಳನ್ನು ಹೆಚ್ಚಾಗಿ ಆಚರಣೆ, ನಂಬಿಕೆ, ವೀರಾರಾಧನೆಗಳ ನೆಲೆಯಲ್ಲಿ ಓದಿದ್ದಾರೆ. ಅವುಗಳೊಳಗಿನ ಸ್ಥಳನಾಮಗಳನ್ನು ಭೂಗೋಳವಾಗಿ ಓದಿದ್ದು ಕಡಿಮೆ.

ದನ ಕಾಯುವವರ ಮಾತಿನಲ್ಲಿ ನೆಲಕ್ಕೆ ‘ಖಾಲಿ’ ಎಂಬ ಹೆಸರು ಇರುವುದಿಲ್ಲ. ಮಣ್ಣು ಎರೆಯೋ, ಮಸಾರಿಯೋ, ಗರಸೋ, ಚೌಳೋ, ಕರಲೋ ಆಗಿರುತ್ತದೆ. ಹುಲ್ಲು ಹಂಚಿಯೋ, ಬಾದೆಯೋ, ಗರಿಕೆಯೋ ಆಗಿರುತ್ತದೆ. ಗುಡ್ಡದ ಮಗ್ಗುಲಿನ ಕಮರದ ಮರಗಳಿಗೂ ಬಯಲಿನ ಬನ್ನಿಗೂ ಬೇರೆ ಬೇರೆ ಉಪಯೋಗ, ಬೇರೆ ಬೇರೆ ದೈವ. ನೀರು ಸಿಗುವ ತಾಣ ಕೆರೆಯೋ, ಕಟ್ಟೆಯೋ, ಕುಂಟೆಯೋ, ಹಳ್ಳದ ಒರತೆಯೋ ಎಂಬುದರ ಮೇಲೆ ಅಲ್ಲಿ ಎಷ್ಟು ದಿನ ಹಿಂಡು ನಿಲ್ಲಬಹುದೆಂಬ ಲೆಕ್ಕ ನಿಂತಿರುತ್ತದೆ.

ಇದಕ್ಕೆ ಎದುರಾಗಿ ನಿಂತಿರುವುದು ಕಂದಾಯ ಇಲಾಖೆಯ ‘ಖರಾಬು’ ಎಂಬ ಪದ. ಬೇಸಾಯಕ್ಕೆ ಒಳಪಡದ, ಆದ್ದರಿಂದ ಕಂದಾಯ ಹುಟ್ಟದ ಭೂಮಿ ಎಂಬುದಷ್ಟೇ ಅದರ ಮೂಲಾರ್ಥ. ಕಾಲಕ್ರಮದಲ್ಲಿ ‘ಕಂದಾಯವಿಲ್ಲದ್ದು’ ‘ಕೆಟ್ಟದ್ದು’ ಆಯಿತು. 1980ರ ದಶಕದಲ್ಲಿ ಬಂಜರು ಭೂಮಿಗಳ ನಕ್ಷೆ ತಯಾರಿಸುವ ಕೆಲಸ ಉಪಗ್ರಹ ಚಿತ್ರಗಳ ಆಧಾರದಲ್ಲಿ ಆರಂಭವಾಯಿತು. ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಮತ್ತು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಸೇರಿ 2000ದಲ್ಲಿ ದೇಶದ ಬಂಜರು ಭೂಮಿಗಳ ಭೂಪಟವನ್ನು ಪ್ರಕಟಿಸಿದವು. ಕುರುಚಲು ಇರುವ ಭೂಮಿ, ಕುರುಚಲು ಇಲ್ಲದ ಭೂಮಿ, ಕ್ಷೀಣಿಸಿದ ಗೋಮಾಳ ಇವು ಅದರ ವರ್ಗಗಳಲ್ಲಿ ಕೆಲವು. ಚಿತ್ರ ಹೊಸದು, ಪದ ಹಳೆಯದು. ಉಪಗ್ರಹವು ಕಾವಲನ್ನು ಬಂಜರೆಂದು ಕಂಡುಹಿಡಿಯಿತು ಎನ್ನುವುದಕ್ಕಿಂತ, ಕಂದಾಯದ ಕಡತ ಮೊದಲೇ ಬರೆದಿಟ್ಟಿದ್ದ ಮಾತಿಗೆ ಉಪಗ್ರಹದ ಮುದ್ರೆ ಬಿತ್ತು ಎನ್ನುವುದು ಹೆಚ್ಚು ಸರಿಯಾದೀತು. ಕಿಲಾರಿಯ ಪದಕೋಶವನ್ನು ನಕ್ಷೆಯ ಪಟ್ಟಿಕೆಗೆ ತರಬೇಕೆಂದು ಆಗ ಯಾರಿಗೂ ಅನ್ನಿಸಿದಂತಿಲ್ಲ.

ಇದು ಕೇವಲ ಪದಗಳ ಜಗಳವಲ್ಲವೆಂಬುದು 2007ರಿಂದ 2010ರವರೆಗಿನ ಅವಧಿಯಲ್ಲಿ ಸ್ಪಷ್ಟವಾಯಿತು. ಚಳ್ಳಕೆರೆ ತಾಲ್ಲೂಕಿನ ವರವು, ಉಳ್ಳಾರ್ತಿ, ಕುದಾಪುರ ಕಾವಲುಗಳು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಮಂಜೂರಾದವು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ ಸುಮಾರು 4,290 ಎಕರೆ, ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ 573 ಎಕರೆ. ಈ ನಾಲ್ಕರದೇ ಮೊತ್ತ ಎಂಟು ಸಾವಿರ ಎಕರೆಗೂ ಮೀರುತ್ತದೆ. ಗೋಡೆಗಳು ಎದ್ದಾಗ ಸುತ್ತಲಿನ ಹಳ್ಳಿಗಳ ಕುರಿಗಾರರು, ದನಗಾಹಿಗಳು, ಉಣ್ಣೆ ಕಂಬಳಿ ನೇಯುವವರು ಪ್ರತಿಭಟಿಸಿದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದೆ ಹೋಗಿ, 2014ರ ಆಗಸ್ಟಿನಲ್ಲಿ ತೀರ್ಪು ಬಂದಿತು. ಯೋಜನೆಗಳು ಷರತ್ತುಗಳೊಡನೆ ಮುಂದುವರಿದವು. ಈ ಮಂಜೂರಾತಿಗೆ ಬಂಜರು ನಕ್ಷೆಯೊಂದೇ ಕಾರಣವೆನ್ನುವುದು ಅತಿಶಯೋಕ್ತಿ. ವಿಶಾಲವಾದ, ಸಮತಟ್ಟಾದ, ಜನವಸತಿ ವಿರಳವಾದ ಭೂಮಿ ಬೇಕಾಗಿತ್ತು. ಆದರೆ ಆ ಭೂಮಿ ಖಾಲಿ ಎಂಬ ಭಾವನೆ ಅಷ್ಟು ಸುಲಭವಾಗಿ ಒಪ್ಪಿತವಾದದ್ದು ಹೇಗೆ ಎಂಬುದಕ್ಕೆ ನಕ್ಷೆಗಳ ಚರಿತ್ರೆಯಲ್ಲಿ ಉತ್ತರದ ಒಂದು ಭಾಗವಿದೆ.

ಮುಂದೆ ನಡೆದದ್ದರಲ್ಲಿ ಒಂದು ವಿಚಿತ್ರ ಹೊಂದಾಣಿಕೆಯಿದೆ. ನೆಲವನ್ನು ಮೇಲಿನಿಂದ ನೋಡುವ ಯಂತ್ರಗಳ ತಾಲೀಮಿಗೇ ಈ ಕಾವಲು ಅಂಗಳವಾಯಿತು. 2016ರಲ್ಲಿ ಉಳ್ಳಾರ್ತಿಯಲ್ಲಿ ಚಂದ್ರನ ಮೇಲಿನ ಕುಳಿಗಳನ್ನು ಹೋಲುವ ಗುಂಡಿಗಳನ್ನು ತೋಡಿ, ಚಂದ್ರಯಾನ–2ರ ಇಳಿಯುವ ಯಂತ್ರದ ಸಂವೇದಕಗಳನ್ನು ವಿಮಾನದಲ್ಲಿಟ್ಟು ಅವುಗಳ ಮೇಲೆ ಹಾರಿಸಿ ಪರೀಕ್ಷಿಸಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಕಣ್ಗಾವಲಿಗಾಗಿ ರೂಪಿಸಿದ ಮಾನವರಹಿತ ವಿಮಾನ ರುಸ್ತುಂ–2 ಇಲ್ಲಿಂದ ಮೊದಲ ಬಾರಿಗೆ ಹಾರಿತು. 2017ರ ಮೇ 28ರಂದು ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2019ರ ಸೆಪ್ಟೆಂಬರಿನಲ್ಲಿ ಅಂಥದೊಂದು ವಿಮಾನ ಜೋಡಿಚಿಕ್ಕೇನಹಳ್ಳಿಯ ಬಳಿ ನೆಲಕ್ಕೆ ಬಿದ್ದಾಗ ಸುತ್ತಲ ಊರಿನವರು ತಮ್ಮನ್ನು ಮೇಲಿನಿಂದ ನೋಡುತ್ತಿದ್ದ ವಸ್ತುವನ್ನು ಹತ್ತಿರದಿಂದ ನೋಡುವಂತಾಯಿತು. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನದ ಮಾದರಿಯನ್ನು ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಾಗ ಅದು ತಾನಾಗಿ ಬಂದು ಇಳಿದದ್ದೂ ಈ ಓಡುಹಾದಿಯ ಮೇಲೆಯೇ. ದೇಶದ ವಿಜ್ಞಾನಕ್ಕೆ ಇವು ಹೆಮ್ಮೆಯ ಸಾಧನೆಗಳು ಎಂಬುದರಲ್ಲಿ ಎರಡು ಮಾತಿಲ್ಲ. ಆ ಸಾಧನೆಯ ಬೆಲೆಯ ಒಂದು ಪಾಲನ್ನು ತೆತ್ತವರ ಹೆಸರು ಅದರ ಚರಿತ್ರೆಯಲ್ಲಿ ಬರುವುದಿಲ್ಲವೆಂಬುದೂ ಅಷ್ಟೇ ನಿಜ.

ಹೀಗೆಂದು ಉಪಗ್ರಹ ಚಿತ್ರವನ್ನು ಪಶುಪಾಲಕನ ಎದುರಾಳಿಯೆಂದು ಚಿತ್ರಿಸುವುದು ಸರಿಯಲ್ಲ. 2001ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಸುಜಲ ಜಲಾನಯನ ಯೋಜನೆಯ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಅಲ್ಲಿ ಉಪಗ್ರಹ ಚಿತ್ರಗಳು ಬದುವು, ಚೆಕ್‌ಡ್ಯಾಮುಗಳ ಜಾಗ ಗುರುತಿಸಲೂ ಆಗಿರುವ ಬದಲಾವಣೆಯನ್ನು ಅಳೆಯಲೂ ಬಳಕೆಯಾದವು. ಗ್ರಾಮಸ್ಥರೊಡನೆ ಕುಳಿತು ಯೋಜನೆ ರೂಪಿಸುವ ಪದ್ಧತಿ ಜೊತೆಗಿದ್ದದ್ದರಿಂದ ಚಿತ್ರಕ್ಕೂ ಊರ ಮಾತಿಗೂ ಸ್ವಲ್ಪಮಟ್ಟಿಗೆ ಮುಖಾಮುಖಿಯಾಯಿತು. ಬರ ಘೋಷಣೆಯ ವಿಷಯದಲ್ಲೂ ಹಾಗೆಯೇ. 2016ರ ಕೇಂದ್ರ ಬರ ನಿರ್ವಹಣಾ ಕೈಪಿಡಿ ಮಳೆಯ ಕೊರತೆಯ ಜೊತೆಗೆ ಉಪಗ್ರಹದಿಂದ ಪಡೆದ ಹಸಿರಿನ ಸೂಚ್ಯಂಕವನ್ನೂ ಪರಿಗಣಿಸುತ್ತದೆ. ಗೋಶಾಲೆ ತೆರೆಯಬೇಕೋ ಬೇಡವೋ, ಮೇವು ಕಳಿಸಬೇಕೋ ಬೇಡವೋ ಎಂಬ ತೀರ್ಮಾನಗಳು ಬರ ಘೋಷಣೆಯನ್ನು ಅವಲಂಬಿಸಿರುವುದರಿಂದ, ಬಳ್ಳಾರಿ ಜಾಲಿಯ ಹಸಿರು ಮೇವಿನ ಹಸಿರಲ್ಲವೆಂಬ ಸಣ್ಣ ಸಂಗತಿಗೂ ದೊಡ್ಡ ಬೆಲೆಯಿದೆ.

ಚಿತ್ರಗಳ ಹಳೆಯ ಭಂಡಾರ ತೆರೆದದ್ದು ಇನ್ನೊಂದು ತಿರುವು. 2008ರಲ್ಲಿ ಲ್ಯಾಂಡ್‌ಸ್ಯಾಟಿನ ಚಿತ್ರಗಳು ಉಚಿತವಾದವು. 2009ರ ಆಗಸ್ಟಿನಲ್ಲಿ ಇಸ್ರೋದ ‘ಭುವನ್’ ಬಂದಿತು. ಒಂದು ಚಿತ್ರಕ್ಕೆ ಹಣ ತೆತ್ತು ನಕ್ಷೆ ಮಾಡುತ್ತಿದ್ದ ಸಂಶೋಧಕರು ಹಲವು ವರ್ಷಗಳ ನೂರಾರು ಚಿತ್ರಗಳನ್ನು ಒಟ್ಟಿಗೆ ಓದುವಂತಾಯಿತು. ಅದರ ಫಲಗಳಲ್ಲಿ ಒಂದು 2022ರಲ್ಲಿ ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ ಪ್ರಕಟಿಸಿದ ಅಧ್ಯಯನ. ದೇಶದ ಅರೆಶುಷ್ಕ ಸೀಮೆಗಳಲ್ಲಿ ಹುಲ್ಲುಗಾವಲು, ಕುರುಚಲು, ಕಲ್ಲುಬಯಲುಗಳಂಥ ಸಹಜ ಬಯಲು ಪರಿಸರಗಳು ದೇಶದ ಭೂಭಾಗದ ಸುಮಾರು ಶೇ. 10ರಷ್ಟಿವೆ, ಅವುಗಳಲ್ಲಿ ಶೇ. 5ಕ್ಕೂ ಕಡಿಮೆ ಪಾಲು ಸಂರಕ್ಷಿತ. ಬಹುಭಾಗ ಸರ್ಕಾರಿ ನಕ್ಷೆಗಳಲ್ಲಿ ಬಂಜರೆಂದು ನಮೂದಾಗಿದೆ ಎಂದು ಅದು ತೋರಿಸಿತು. ಗಮನಿಸಬೇಕಾದದ್ದೆಂದರೆ ಈ ತಿದ್ದುಪಡಿಯೂ ಉಪಗ್ರಹ ಚಿತ್ರಗಳ ಆಧಾರದಿಂದಲೇ ಬಂದಿತು.

ಬಿ.ಜಿ. ಕೆರೆಯ ಪರಿಸರ ಈ ಬಗೆಯ ಜೋಡಿ ಓದಿಗೆ ವಿಶೇಷವಾಗಿ ತಕ್ಕದ್ದು. ಇದೇ ತಾಲ್ಲೂಕಿನ ಬ್ರಹ್ಮಗಿರಿ–ಸಿದ್ದಾಪುರದ ಬಳಿ ರೈಸ್ ಅವರು 1892ರಲ್ಲಿ ಅಶೋಕನ ಶಾಸನಗಳನ್ನು ಕಂಡರು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿ ನವಶಿಲಾಯುಗದಿಂದ ಆಚೆಗಿನ ನೆಲೆಗಳ ಪದರಗಳನ್ನು ಗುರುತಿಸಿದರು. ನೆರೆಯ ಬಳ್ಳಾರಿ ಭಾಗದ ಬೂದಿದಿಬ್ಬಗಳು ಸಗಣಿ ಸುಟ್ಟು ಉಳಿದ ನವಶಿಲಾಯುಗದ ದನದ ರೊಪ್ಪಗಳೆಂದು ಎಫ್.ಆರ್. ಆಲ್ಚಿನ್ ವಾದಿಸಿದ್ದು 1963ರ ತಮ್ಮ ಗ್ರಂಥದಲ್ಲಿ. ಆ ವಾದಕ್ಕೆ ಅವರು ತಮ್ಮ ಕಾಲದ ಪಶುಪಾಲಕರ ಪದ್ಧತಿಗಳನ್ನೂ ನೆರವಿಗೆ ತಂದುಕೊಂಡರು. ನಾಲ್ಕು ಸಾವಿರ ವರ್ಷಗಳ ಹಿಂದಿನ ರೊಪ್ಪವನ್ನು ಅರ್ಥಮಾಡಿಕೊಳ್ಳಲು ಈಗಿನ ರೊಪ್ಪ ಬೇಕಾಯಿತೆಂದ ಮೇಲೆ, ಈಗಿನ ಕಾವಲನ್ನು ಅರ್ಥಮಾಡಿಕೊಳ್ಳಲು ಕಿಲಾರಿಯ ಮಾತು ಬೇಡವೆನ್ನುವುದು ಹೇಗೆ?

ಆಗಬೇಕಾದ ಕೆಲಸ ನಿರ್ದಿಷ್ಟವಾದುದು. ಅಮೃತ ಮಹಲ್ ಇಲಾಖೆಯ ಕಾವಲು ದಾಖಲೆಗಳಲ್ಲಿನ ಎಲ್ಲೆಗಳು, ಭೂಮಾಪನ ಇಲಾಖೆಯ ಹಳೆಯ ನಕ್ಷೆಗಳು, 1972ರಿಂದೀಚೆಗಿನ ಉಪಗ್ರಹ ಚಿತ್ರಗಳು, ಜೊತೆಗೆ ಗಾದ್ರಿಪಾಲನಾಯಕ ಮತ್ತು ಜುಂಜಪ್ಪನ ಕಥನಗಳಲ್ಲಿ ಬರುವ ಹಳ್ಳ, ಗುಡ್ಡ, ಕಟ್ಟೆ, ಹಟ್ಟಿಗಳ ಹೆಸರುಗಳು ಇವನ್ನು ಒಂದರ ಮೇಲೊಂದು ಇಟ್ಟು ನೋಡಬೇಕು. ಸೆಂಟಿನೆಲ್–2ರ ಎರಡು ಉಪಗ್ರಹಗಳು 2017ರ ನಂತರ ಐದು ದಿನಕ್ಕೊಮ್ಮೆ ಒಂದೇ ಜಾಗವನ್ನು ಚಿತ್ರಿಸುವುದರಿಂದ, ಮೋಡದ ದಿನಗಳನ್ನು ಕಳೆದರೂ ಹುಲ್ಲು ಎಲ್ಲಿ ಮೊದಲು ಚಿಗುರುತ್ತದೆ, ಎಲ್ಲಿ ಕೊನೆಗೆ ಒಣಗುತ್ತದೆ ಎಂಬುದನ್ನು ಗುಂಟೆಯ ಲೆಕ್ಕದಲ್ಲಿ ಗುರುತಿಸಬಹುದಾಗಿದೆ. ರೈಸ್ ಅವರ ಗ್ಯಾಸೆಟಿಯರ್ ಹೇಳುವ ಬೇಸಿಗೆ, ಮಳೆಗಾಲ, ಚಳಿಗಾಲದ ಕಾವಲುಗಳ ವಿಂಗಡಣೆಯನ್ನು ಚಿತ್ರದ ಮೇಲೆ ಮತ್ತೆ ಗುರುತಿಸಲು ಈಗ ಸಾಧನವಿದೆ. ಗುರುತಿಸಿದ ಜಾಗಕ್ಕೆ ಹೆಸರು ಹೇಳಬಲ್ಲ ಕಿಲಾರಿಗಳು ಗೋಡೆಯ ಹೊರಗೆ ಉಳಿದ ಕಾವಲುಗಳಲ್ಲಿ ಈಗಲೂ ದೇವರ ಎತ್ತುಗಳ ಹಿಂದೆ ನಡೆಯುತ್ತಿದ್ದಾರೆ.